ತಿದ್ದಿದ ಉತ್ತರ

ಇನ್ನೂರ ಐವತ್ತೈದು ಎಂಬ ಸಂಖ್ಯೆ ಕೊಟ್ಟಾಗ ಸೊನ್ನೆ ಬರಬೇಕಾದ ಕಡೆ ಹದಿನಾರು ಬಂತು. ದೀಪಾಲಿ ಕುರ್ಚಿಯಿಂದ ಎದ್ದಳು, ಕಿಟಕಿಯ ತನಕ ಹೋದಳು, ತಿರುಗಿ ಬಂದು ಅದನ್ನೇ ಮತ್ತೆ ಕೊಟ್ಟಳು. ಮತ್ತೆ ಹದಿನಾರು.

ಕಂಪೈಲರ್ ಎಂದರೆ ದುಭಾಷಿ. ಜನ ಬರೆದ ಪ್ರೋಗ್ರಾಮನ್ನು ಕಂಪ್ಯೂಟರ್ ಚಿಪ್‌ನ ಭಾಷೆಯಲ್ಲಿ ಹೇಳುವುದಷ್ಟೇ ಅದರ ಕೆಲಸ. ಹೊಸ ಚಿಪ್ ಹದಿನಾರು ಸಂಖ್ಯೆಗಳನ್ನು ಸಾಲಾಗಿ ನಿಲ್ಲಿಸಿ, ಒಂದೇ ಏಟಿಗೆ ಎಲ್ಲವನ್ನೂ ಭಾಗಿಸಿ, ಅರ್ಧವೋ ಹೆಚ್ಚೋ ಉಳಿದರೆ ಪೂರ್ಣಕ್ಕೆ ಏರಿಸುತ್ತಿತ್ತು. ಆ ಆಜ್ಞೆಯನ್ನು ಕಂಪೈಲರ್‌ಗೆ ಕಲಿಸಲು ದೀಪಾಲಿ, ಬ್ರಾಡ್‌ಬ್ಯಾಂಡ್ ಹೊಸದಾಗಿ ಬಂದಿದ್ದ ಗೋಕಾಕದ ಮನೆಯಲ್ಲಿ ಕುಳಿತು, ಎಂಟು ತಿಂಗಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ದುಡಿದಿದ್ದಳು. ಕಂಪೈಲರ್ ನೋಡಿಕೊಳ್ಳುವ, ಮುಖ ಕಾಣದ ದೂರದ ಜನ ಅದನ್ನು ಒಪ್ಪಿಯೂ ಆಗಿತ್ತು. ನಾಳೆ ಹೊಸ ಆವೃತ್ತಿ, ಅದರಲ್ಲಿ ಅವಳ ಹೆಸರು.

ಮಜಾ ಎಂದರೆ, ಇನ್ನೂರ ಐವತ್ತೈದನ್ನು ಹದಿನಾರರಿಂದ ಭಾಗಿಸಿ ಪೂರ್ಣಕ್ಕೆ ಏರಿಸಿದರೆ ಲೆಕ್ಕದ ಪ್ರಕಾರ ಹದಿನಾರೇ ಸರಿ. ಆದರೆ ಪ್ರೋಗ್ರಾಮು ಬರೆದವನು ಬರೆದಂತೆ ನಡೆದರೆ, ಜಾಗ ಸಾಲದೆ ಸಂಖ್ಯೆ ತುಂಬಿ ಚೆಲ್ಲಿ ಸೊನ್ನೆಯಾಗಬೇಕಿತ್ತು. ಇವಳ ಕಂಪೈಲರ್ ಅದನ್ನು ಸದ್ದಿಲ್ಲದೆ ತಿದ್ದಿಬಿಟ್ಟಿತ್ತು. ದುಭಾಷಿಗೆ ಆ ಹಕ್ಕಿಲ್ಲ. ಹೇಳಿದರೆ ಕೆಲಸ ಮುಂದಿನ ಆವೃತ್ತಿಯ ತನಕ, ಆರು ತಿಂಗಳು ಹಿಂದೆ ಬೀಳುತ್ತದೆ. ಹೇಳದಿದ್ದರೆ ಯಾರಪ್ಪನಿಗೆ ಗೊತ್ತಾಗುತ್ತದೆ? ಕುಳಿತಲ್ಲಿ ಕೂರಲಾಗಲಿಲ್ಲ ಅವಳಿಗೆ.

ಅತ್ತೆ ಇಂದುಬಾಯಿ ಬಾಗಿಲಲ್ಲಿ ಕೈಮುಗಿದು ನಿಂತರು. ಅಂದು ಕ್ಷಮಾವಾಣಿ; ಬೆಳಗಿನಿಂದ ಜೈನ ಮಂದಿಯೆಲ್ಲ ಒಬ್ಬರಿಗೊಬ್ಬರು ಕ್ಷಮೆ ಕೇಳಿಕೊಂಡಿದ್ದರು.

"ಉತ್ತಮ ಕ್ಷಮಾ, ದೀಪಾಲಿ. ನಿನಗೊಂದು ಹೇಳೂದು ಉಳದೈತಿ. ಮೊನ್ನಿ ಹುಕ್ಕೇರಿ ಬೀಗರು ಹೊಗಳಿದ್ರಲ್ಲ ನಿನ್ನ ಸಾರು, ಅದಕ್ಕ ಉಪ್ಪು ಕಮ್ಮಿ ಇತ್ತು. ನಿನಗ ಹೇಳದ ನಾನಽ ಹಾಕಿದ್ನಿ."

ದೀಪಾಲಿಯ ಮುಖ ಕೆಂಪಾಯಿತು. ಆ ಹೊಗಳಿಕೆಯನ್ನು ಅವಳು ಎರಡು ದಿನದಿಂದ ಮೆಲುಕು ಹಾಕುತ್ತಿದ್ದಳು. "ಸಾರು ಛಲೋ ಆತಲ್ರಿ ಅತ್ತಿ. ಅದಕ್ಯಾಕ ಕ್ಷಮಾ?"

"ಛಲೋ ಆತು, ಖರೆ. ಆದ್ರ ಸಾರು ನಿಂದು. ಕೇಳಬೇಕಿತ್ತು ನಾ. ಹೊತ್ತು ಮುಳುಗೂದರಾಗ ಉಣ್ಣಬೇಕು, ಲಗೂ ಬಾ."

ದೀಪಾಲಿ ಆ ಸಂಖ್ಯೆಯನ್ನು ಇನ್ನೊಮ್ಮೆ ಕೊಟ್ಟಳು; ಹದಿನಾರೇ. ಆಮೇಲೆ ಆ ದೂರದ ಜನಕ್ಕೆ ಮೇಲ್ ಬರೆದಳು: ತಪ್ಪು ನನ್ನದು, ನಾಳೆಯ ಆವೃತ್ತಿಯಿಂದ ನನ್ನ ಕೆಲಸ ತೆಗೆಯಿರಿ. ಕಳಿಸುವಾಗ ಅಳುವೇ ಬಂತು.

ಅಡುಗೆಮನೆಯಲ್ಲಿ ಇಂದುಬಾಯಿ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಉಪ್ಪಿನ ಡಬ್ಬಿ ಹಿಡಿದು ಕಾಯುತ್ತಿದ್ದರು.

"ಇವತ್ತಿನ ಸಾರಿಗೂ ಕಮ್ಮಿ ಐತಿ," ಎಂದರು. "ಹಾಕ್ಲೇನ?"