ಟ್ರ್ಯಾಕ್ ತಪ್ಪಿದ ಗಿಳಿ

"ಇದನ್ನ ನಾನು ಯಾವಾಗ ಹಾಡಿದೆ?"

ಹೆಸರಾಂತ ಗಾಯಕಿ ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ ಹೀಗೆ ಕೇಳಿದಾಗ, ಗಾಜಿನ ಈಚೆ ಕೂತಿದ್ದ ಸಂಗೀತ ನಿರ್ದೇಶಕ ಹೊಟ್ಟೆ ಕುಣಿಸಿ ನಕ್ಕ. "ನೀವಲ್ಲ ಮೇಡಂ! ಅದು ಟ್ರ್ಯಾಕು. ನೀವು ಕೇಳಿ ಕಲೀಲಿ ಅಂತ ನಮ್ಮ ಗಿಳಿ ಹಾಡಿಟ್ಟಿದ್ದು. ನಿಮ್ಮದು ಆದ ತಕ್ಷಣ ಅಳಿಸಿಬಿಡ್ತೀವಿ."

ಮೂಲೆಯ ಸೋಫಾದಲ್ಲಿ ಕೂತಿದ್ದ ಗಿಳಿ ಕಾಲುಬೆರಳು ಮಡಚಿಕೊಂಡಳು. ಅಳಿಸುವುದು ಅನ್ನುವ ಮಾತಿಗೆ ಎರಡರ್ಥ. ಈ ಸ್ಟುಡಿಯೋದಲ್ಲಿ ಎರಡೂ ಅವಳಿಗೆ ಹನ್ನೊಂದು ಸಲ ಆಗಿತ್ತು. ಯಾವ ಗಾಯಕಿಯ ಗಂಟಲನ್ನಾದರೂ ಎರವಲು ತಂದಂತೆ ಹಾಡುತ್ತಿದ್ದಳೆಂದೇ ಅವಳಿಗೆ ಆ ಅಡ್ಡಹೆಸರು. ಆದರೆ ಈ ಹನ್ನೆರಡನೆಯದು ಎರವಲಲ್ಲ. ಮಾತೂ ಅವಳದು, ರಾಗವೂ ಅವಳದು. ಆಡಿಯೋ ಕಂಪನಿಯವರು ಕೇಳಿ, "ಹಾಡು ಕೊಟ್ಟುಬಿಡಮ್ಮ, ದನಿ ನಾವು ಹಾಕಿಸ್ಕೋತೀವಿ" ಎಂದಿದ್ದರು, ಪ್ಯಾಂಟಿಗೆ ಜಿಪ್ಪು ಹಾಕಿಸುವ ಹಾಗೆ. ಹಾಡಾದರೂ ಹೊರಗೆ ಹೋಗಲಿ ಎಂದು ತಲೆಯಾಡಿಸಿದ್ದಳು.

ಮೇಡಂಗೆ ಟ್ರ್ಯಾಕು ಭಾರೀ ಮಜಾ ಕೊಟ್ಟಿತು. "ನೋಡ್ರೀ, ಸಾಲು ಮುಗಿಸಿ ನಾನು ಸಣ್ಣಗೆ ನಗ್ತೀನಲ್ಲ, ಅದೂ ಇದೆ! ಅಯ್ಯೋ, ಮೂಗು ಎಳೆದುಕೊಳ್ಳೋದನ್ನೂ ಬಿಟ್ಟಿಲ್ಲ ಇವಳು! ನನಗಿಂತ ಚೆನ್ನಾಗಿ ನಾನೇ ಹಾಡಿದೀನಿ."

ಅದು ತಂಗಿಯೊಬ್ಬಳ ಜಗಳದ ಹಾಡು. ಅಕ್ಕ ಅವಸರದಲ್ಲಿ ತಂಗಿಯ ಹೊಸ ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೊರಟುಬಿಟ್ಟಿದ್ದಾಳೆ. ತಂಗಿ ಬರಿಗಾಲಲ್ಲಿ ಮೂರನೇ ಮಹಡಿಯ ಬಾಲ್ಕನಿಗೆ ಓಡಿಬಂದು ಬೈಯುತ್ತಾಳೆ. ಮೂರು ನಿಮಿಷದ ಬೈಗುಳ, ಕಡೆಗೊಂದು ಕೂಗು: "ಅಕ್ಕಾ!"

ಆ ಕೂಗಿಗೆ ಮೇಡಂ ಮುಖದ ನಗು ನಿಂತಿತು. ಮತ್ತೆ ಹಾಕಿಸಿ ಕೇಳಿದರು. ಇನ್ನೊಮ್ಮೆ ಹಾಕಿಸಿದರು.

"ಇದು ನಾನಲ್ಲ."

"ಅದೊಂದ್ಕಡೆ ಟ್ರ್ಯಾಕ್ ತಪ್ಪಿದ್ದಾಳೆ ಮೇಡಂ," ನಿರ್ದೇಶಕ ತಡವರಿಸಿದ. "ಏನೇ ಗಿಳಿ, ಆವತ್ತೇ ಬಡ್ಕೊಂಡೆ, ಇನ್ನೊಂದು ಟೇಕ್ ಕೊಡು ಅಂತ!"

"ಏಳು ಕೊಟ್ಟೆ ಸರ್. ಮಿಕ್ಕಿದ್ದೆಲ್ಲ ಬಂತು, ಅದೊಂದು ಬರಲಿಲ್ಲ."

"ಯಾಕಮ್ಮ?" ಕೇಳಿದವರು ಮೇಡಂ.

ಗಿಳಿ ಎದ್ದು ನಿಂತಳು. "ನಮ್ಮಕ್ಕನ್ನ ಬೇರೆಯವರ ಗಂಟಲಲ್ಲಿ ಕರೆಯೋಕೆ ಆಗಲ್ಲ ಮೇಡಂ. ಕರೆದರೂ ಅವಳು ತಿರುಗಿ ನೋಡಲ್ಲ."

ಮೇಡಂ ಮೈಕಿನ ಮುಂದೆ ನಿಂತರು. "ಅಕ್ಕಾ" ಎಂದರು, ಅದು ಕಛೇರಿಯ ಅಕ್ಕ, ಹಿಂದೆ ತಂಬೂರಿ ಇದ್ದಂತಿತ್ತು. ಮತ್ತೊಮ್ಮೆ ಎಂದರು, ಅದು ಧಾರಾವಾಹಿಯ ಅಕ್ಕ, ಆಸ್ಪತ್ರೆ ಮಂಚದ ಮೇಲಿದ್ದಳು. ಮೂರನೆಯದಂತೂ ಟೊಮೆಟೊ ಚೌಕಾಸಿಗೆ ಕರೆದ ಹಾಗಿತ್ತು. ಪ್ರತಿಯೊಂದಕ್ಕೂ ನಿರ್ದೇಶಕ "ಅದ್ಭುತ ಮೇಡಂ!" ಎಂದು ಚಪ್ಪಾಳೆ ತಟ್ಟಿದ.

"ಸುಮ್ನಿರ್ರೀ. ಯಾರ್ಯಾರದೋ ಅಕ್ಕಂದಿರೆಲ್ಲ ಬಂದ್ರು, ಇವಳ ಅಕ್ಕ ಬರಲಿಲ್ಲ." ಮೇಡಂ ಹೆಡ್‌ಫೋನ್ ಕಳಚಿ ಮೈಕಿಗೇ ನೇತುಹಾಕಿದರು. "ಈ ಹಾಡಲ್ಲಿ ನನ್ನ ಥರ ಇರೋದನ್ನೆಲ್ಲ ಅಳಿಸಿ. ಆ ಕೂಗು ಇಟ್ಕೊಳ್ಳಿ. ಉಳಿದದ್ದನ್ನ ಅದೇ ಗಂಟಲಲ್ಲಿ ಇವಳೇ ಹಾಡಲಿ."

"ಶುಕ್ರವಾರ ಬಿಡುಗಡೆ ಮೇಡಂ! ಕಂಪನಿಯವರು ನನ್ನ ಚರ್ಮ ಸುಲೀತಾರೆ."

"ಶುಕ್ರವಾರದೊಳಗೆ ಇನ್ಯಾರು ಸಿಗ್ತಾರೆ ಅವರಿಗೆ? ನಾನು ಫೋನ್ ಮಾಡ್ತೀನಿ. ನನ್ನ ಥರ ಹಾಡೋಕೆ ನಾನೊಬ್ಬಳು ಸಾಕು ಅಂತೀನಿ. ಬಾಮ್ಮ, ನಿಂತ್ಕೋ."

ಗಿಳಿ ನಿಂತಳು. ಮೇಡಂ ಫೋನ್ ಹಿಡಿದು ಹೊರಗೆ ನಡೆದರು. ಬಾಯಿ ತೆರೆದರೆ ಮೊದಲ ಸಾಲು ಮೇಡಂ ದನಿಯಲ್ಲೇ ಬಂತು, ಮೂಗು ಎಳೆಯುವುದರ ಸಮೇತ. ನಾಲಿಗೆ ಕಚ್ಚಿಕೊಂಡು ಮತ್ತೆ ಶುರುಮಾಡಿದಳು. ಈ ಸಲ ಹಿಂದಿನ ವರ್ಷ ಎರವಲು ತಂದಿದ್ದ ಇನ್ನೊಬ್ಬ ಗಾಯಕಿ ಹಾಜರಾದಳು. "ಲೇ, ಸಂತೆ ನೆರೆಸ್ಬೇಡ್ವೇ, ನೀನೊಬ್ಬಳೇ ಬಾ!" ಎಂದು ನಿರ್ದೇಶಕ ಗೋಳಾಡಿದ.

ಅವಳು ಕಾಲಿನ ಚಪ್ಪಲಿ ಬಿಚ್ಚಿ ಬದಿಗಿಟ್ಟಳು. ನೆಲ ತಣ್ಣಗಿತ್ತು. ಕಣ್ಣು ಮುಚ್ಚಿದಳು.

ಆಮೇಲೆ ಬಂದ ದನಿಗೆ ನಯವಿರಲಿಲ್ಲ, ನಾಜೂಕಿರಲಿಲ್ಲ. ಹೊಸ ಚಪ್ಪಲಿ ಹಿಮ್ಮಡಿ ಕಚ್ಚುವ ಹಾಗೆ ಕಚ್ಚುತ್ತಿತ್ತು. ಕಚ್ಚಿಸಿಕೊಂಡೂ ಇನ್ನಷ್ಟು ದೂರ ನಡೆಯೋಣ ಅನ್ನಿಸುತ್ತಿತ್ತು. ಹಾಡು ಮುಗಿದ ಮೇಲೂ ನಿರ್ದೇಶಕನ ಬೆರಳು ಗುಂಡಿಯ ಮೇಲೇ ಇತ್ತು. "ಅದ್ಭುತ" ಅನ್ನುವುದು ಅವನಿಗೆ ಮರೆತೇಹೋಗಿತ್ತು. ಕಣ್ಣೊರೆಸಿಕೊಂಡು, "ಇಷ್ಟು ದಿನ ಎಲ್ಲಿದ್ದೆಯೇ?" ಎಂದ.

"ಸೋಫಾದಲ್ಲಿ ಸರ್."

ಬರಿಗಾಲಲ್ಲೇ ಹೊರಗೆ ಬಂದರೆ ಉದ್ದನೆಯ ಕಾರಿಡಾರಿನ ಕೊನೆಯಲ್ಲಿ, ಲಿಫ್ಟಿನ ಕನ್ನಡಿಯ ಮುಂದೆ ಮೇಡಂ ನಿಂತಿದ್ದರು. ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳಲು ಬಂದಾಗಲೆಲ್ಲ ಮೊಣಕೈಯಿಂದ ತಡೆಯುತ್ತ, ಒಂದು ಕಿವಿಗೆ ಅಂಗೈ ಒತ್ತಿ, ಮೆಲ್ಲಗೆ ಗಿಳಿಯ ಹಾಗೆ "ಅಕ್ಕಾ... ಅಕ್ಕಾ..." ಎಂದು ಕಲಿಯುತ್ತಿದ್ದರು.

ಗಿಳಿ ಒಂದು ಗಳಿಗೆ ಕೇಳಿಸಿಕೊಂಡಳು.

"ಗಂಟಲಿಂದ ಬರಲ್ಲ ಮೇಡಂ," ಎಂದಳು. "ಮೂರನೇ ಮಹಡಿಯಿಂದ ಕೂಗಬೇಕು."