ಬೇಟೆಯ ಧರ್ಮ

ಟರ್ಕಿ ಕೋಳಿಯ ಬೇಟೆಗೆ ಕೋವಿಯೋ ಬಿಲ್ಲೋ ಎಂದು ಅತಿಥಿಗಳಾಗಿ ಬಂದಿದ್ದ ಭಾವ, ಭಾಮೈದ ಇಬ್ಬರೂ ಬೆಳಗಿನ ತಿಂಡಿಯಿಂದ ಕಚ್ಚಾಡುತ್ತಿದ್ದರು. ಕಾಡಿನ ಪ್ರಾಣಿ ಹೊಡೆದರೆ ಕೇಸು ಬೀಳುತ್ತದೆಂದು ನಮ್ಮ ರೆಸಾರ್ಟಿನ ಮಾಲೀಕರು ಅತಿಥಿಗಳಿಗೆ ಸಾಕಿದ ಟರ್ಕಿಗಳನ್ನೇ ಕೊಡುತ್ತಾರೆ. ಅವನ್ನು ಸಾಕುವವನು ನಾನು.

“ಕೋವಿ ತಗೊಳೋ. ಒಂದೇ ಏಟಿಗೆ ಮುಗಿಯುತ್ತೆ. ಬಾಣ ಎಲ್ಲೋ ನಾಟಿದ್ರೆ ಪಾಪ, ಗಂಟೆಗಟ್ಟಲೆ ಒದ್ದಾಡುತ್ತೆ,” ಅಂದರು ಭಾವ, ಕರಿದ ಲಿವರ್ ಜಗಿಯುತ್ತ.

“ಒದ್ದಾಡ್ಲಿ ಬಿಡಿ ಭಾವ, ವಿಡಿಯೊ ಚೆನ್ನಾಗಿ ಬರುತ್ತೆ. ದೂರದಲ್ಲಿ ನಿಂತು ಗುಂಡು ಹೊಡೆಯೋದು ಹೇಡಿಗಳ ಕೆಲಸ. ಬಿಲ್ಲಾದ್ರೆ ನಾವೂ ಅದೂ ಸಮ. ತಪ್ಪಿಸಿಕೊಳ್ಳೋಕೆ ಅದಕ್ಕೂ ಒಂದು ಅವಕಾಶ ಕೊಡ್ಬೇಕು. ಅದು ಬೇಟೆಯ ಧರ್ಮ.”

ಧರ್ಮ ಅನ್ನುವಾಗ ಅವನ ತುಟಿಯ ಮೇಲೆ ಮಸಾಲೆ ಅಂಟಿಕೊಂಡಿತ್ತು. ಎಣ್ಣೆಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬಿಲ್ಲು ಎತ್ತಿಕೊಂಡ. ಅವಕಾಶ ಕೊಡಬೇಕೆಂಬ ಅವನ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಬೇಲಿ ದಾಟಿ ಬಯಲಿಗೆ ಹೋಗಿ ಇವತ್ತಿನ ಬೇಟೆಯ ಟರ್ಕಿಯ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಮರಿಯಿದ್ದಾಗಿನಿಂದ ನನ್ನ ಅಂಗೈಯಿಂದಲೇ ಜೋಳ ತಿಂದು ಬೆಳೆದದ್ದು. ನನ್ನನ್ನು ಕಂಡ ಕೂಡಲೇ ಕತ್ತು ಚಾಚಿ ಜೇಬು ಕುಕ್ಕತೊಡಗಿತು.

“ಏಯ್, ಅಲ್ಲೇನೋ ಮಾಡ್ತಿದೀಯಾ?” ಭಾಮೈದ ಕೂಗಿದ.

“ನೀವು ಹೇಳಿದ್ದನ್ನೇ ಸಾರ್. ಗೂಟದ ಹಗ್ಗ ಬಿಚ್ತಿದೀನಿ.”

“ತಲೆ ಕೆಟ್ಟಿದೆಯಾ ನಿಂಗೆ? ಮೊದ್ಲು ಕಟ್ಟು! ಓಡಿ ಹೋದ್ರೆ ನಾನು ಹೊಡೆಯೋದು ಏನನ್ನ?”