ಎತ್ತಿದ ಹೆಬ್ಬೆರಳು

"ಇರೋದು ಒಂದೇ ಕೀಲಿಕೈ. ಇಬ್ಬರೂ ಒಟ್ಟಿಗೆ ಇಳಿಯೋದಾದ್ರೆ ಕೊಡ್ತೀನಿ. ಇಲ್ಲಾಂದ್ರೆ ಇಬ್ಬರೂ ಮನೆ ಕಡೆ ನಡೀರಿ," ಎಂದಳು ಟೈಲರಮ್ಮ, ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನುಗಳನ್ನೂ ತೆಗೆಯದೆ.

ಗಾಳಿಯ ಸಿಲಿಂಡರು ಹೊತ್ತು ಅವಳ ಹೊಲಿಗೆ ಯಂತ್ರದ ಮುಂದೆ ನಿಂತಿದ್ದವರು ಭಾವ ಮತ್ತು ಭಾಮೈದ. ಅವಳ ಹಿತ್ತಲಿನ ಕೊಳದ ತಳದಲ್ಲಿ ನೀರು ತುಂಬಿದ ಗುಹೆಯಿತ್ತು. ಮೊದಲೆಲ್ಲ ಜೊತೆಯಾಗಿಯೇ ಮುಳುಗುತ್ತಿದ್ದವರು, ಎರಡನೆಯ ಕೋಣೆಗೆ ಮೊದಲು ದಾರಿ ತೋರುವ ಹಗ್ಗ ಕಟ್ಟಿದ್ದು ಯಾರು ಎಂದು ಮಾತಿಗೆ ಮಾತು ಬೆಳೆದು ಎಣ್ಣೆ-ಸೀಗೆಕಾಯಿ ಆಗಿದ್ದರು. ಗುಹೆಗಿಳಿಯುವವರು ಊರಲ್ಲಿ ಬೆರಳೆಣಿಕೆಯಷ್ಟು, ಅದರಲ್ಲೂ ಈಗ ಎರಡು ಸಂಘ. ಮೂರನೆಯ ಕೋಣೆ ಯಾರಿಗೆ ಸಿಗುತ್ತದೋ ಹೆಸರೂ ಅವರದೇ. ಆದರೆ ಅದಕ್ಕೆ ಮೊದಲು ಕೊಳದ ಬೇಲಿಯ ಕೀಲಿಕೈ ಸಿಗಬೇಕು.

ಆ ಬೇಲಿಗೆ ಬೀಗ ಬೀಳಲು ಕಾರಣ ಭಾವನೇ. "ನನ್ನ ಭಾಮೈದ ಮುಂದೆ ನುಗ್ಗೋದೇ ಹೊರತು, ವಾಪಸ್ ಬಾ ಅಂತ ಸನ್ನೆ ಮಾಡಿದ್ರೆ ತಿರುಗೋ ಪೈಕಿ ಅಲ್ಲಮ್ಮ. ಒಂದಿನ ನಿಮ್ಮ ಹಿತ್ತಲಲ್ಲೇ ಹೆಣ ಆಗ್ತಾನೆ," ಎಂದು ಚಾಡಿ ಹೇಳಿದ್ದ. ಟೈಲರಮ್ಮ ಹೆದರಿ, ಇಬ್ಬರಿಗೂ ಬಾಗಿಲು ಹಾಕಿದ್ದಳು.

ಅಂತೂ ಇಬ್ಬರೂ ಮುಖ ಊದಿಸಿಕೊಂಡೇ ಒಟ್ಟಿಗೆ ಇಳಿದರು. ನೀರಿನೊಳಗೆ ಜಗಳಕ್ಕೂ ಬೀಗ. ಬಾಯಿ ಬಿಟ್ಟರೆ ಬರುವುದು ಗುಳ್ಳೆ ಮಾತ್ರ. ಭಾಮೈದ ಮುಂದೆ, ಭಾವ ಹಿಂದೆ. ಎರಡನೆಯ ಕೋಣೆಯ ಮೂಲೆಯಲ್ಲಿ, ಇಷ್ಟು ವರ್ಷ ಬರೀ ಗೋಡೆ ಎಂದುಕೊಂಡಿದ್ದ ಕಡೆ, ಭಾಮೈದನ ಟಾರ್ಚಿನ ಬೆಳಕು ಹೋಯಿತು, ಹೋಯಿತು, ಎಲ್ಲೂ ತಾಗಲಿಲ್ಲ. ಮೂರನೆಯ ಕೋಣೆ! ಅವನು ತಲೆ ತೂರಿಸಿದವನು, ಖುಷಿ ತಡೆಯಲಾರದೆ ಭಾವನ ಕಡೆ ತಿರುಗಿದ.

ಭಾವನ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಸುತ್ತ ಅಷ್ಟು ನೀರಿದ್ದರೂ ಅದು ಆರಲಿಲ್ಲ. ಅವನು ಹೆಬ್ಬೆರಳು ಎತ್ತಿದ. ನೆಲದ ಮೇಲೆ ಹೆಬ್ಬೆರಳು ಎತ್ತಿದರೆ 'ಭೇಷ್' ಎಂದರ್ಥ. ನೀರಿನೊಳಗೆ ಅದರ ಅರ್ಥ 'ಸಾಕು, ವಾಪಸ್ ನಡಿ'. ಯಾರೇ ಎತ್ತಲಿ, ಯಾಕೆಂದು ಕೇಳುವಂತಿಲ್ಲ. ಭಾಮೈದ ಕತ್ತಲನ್ನು ನೋಡಿದ, ಹೆಬ್ಬೆರಳನ್ನು ನೋಡಿದ. ತಿರುಗಿ ಹೊರಟ.

ದಡಕ್ಕೆ ಬಂದವನೇ ಬಾಯಿಂದ ನಳಿಕೆ ಕಿತ್ತು, "ಏನಾಯ್ತು ಭಾವ? ಗಾಳಿ ಕಮ್ಮಿ ಆಯ್ತಾ? ಹುಷಾರಾಗಿದ್ದೀರಾ?" ಎಂದ.

"ಎಲ್ಲಾ ಸರಿಯಾಗೇ ಇತ್ತು," ಭಾವ ತಲೆ ಎತ್ತಲಿಲ್ಲ. "ನೀನು ಮೊದಲು ಹೋಗೋದನ್ನ ನೋಡೋಕಾಗ್ಲಿಲ್ಲ ಕಣೋ."

ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡು ಬೇಲಿಗೆ ಒರಗಿ ನಿಂತಿದ್ದ ಟೈಲರಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. "ನೀವು ಸನ್ನೆ ಮಾಡಿದ ತಕ್ಷಣ ಬಂದ್ನಾ?"

"ಬಂದ."

"ಮತ್ತೆ ತಿರುಗೋ ಪೈಕಿ ಅಲ್ಲ ಅಂದಿದ್ರಿ!"

ಭಾವ ತಾನು ತೋಡಿದ ಗುಂಡಿಗೆ ತಾನೇ ಬಿದ್ದಿದ್ದ, ಅದು ಕೊಳಕ್ಕಿಂತಲೂ ಆಳವಿತ್ತು.

ಅವಳು ಭಾಮೈದನ ಕಡೆ ತಿರುಗಿದಳು. "ಇನ್ಮೇಲೆ ನಿನ್ನ ಮಾತೇ ಮಾತಪ್ಪ. ನಿಮ್ಮ ಭಾವನೂ ಇಲ್ಲಿ ಇಳೀಬಹುದಾ? ನೀನೇ ಹೇಳು."

ಭಾಮೈದ ಭಾವನನ್ನೇ ದಿಟ್ಟಿಸುತ್ತ ನಿಧಾನವಾಗಿ ಹೆಬ್ಬೆರಳು ಎತ್ತಿದ.

"ಅಬ್ಬಾ, ಎಷ್ಟು ದೊಡ್ಡ ಮನಸ್ಸಪ್ಪ ನಿಂದು!" ಟೈಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಕೀಲಿಕೈಯನ್ನು ಭಾವನ ಅಂಗೈಯಲ್ಲೇ ಇಟ್ಟಳು. "ತಗೊಳ್ಳಿ, ಹಿರಿಯರು ನೀವು, ನಿಮ್ಮ ಹತ್ರಾನೇ ಇರ್ಲಿ."

ಭಾವ ಕೀಲಿಕೈಯನ್ನು ನೋಡಿದ, ಹೆಬ್ಬೆರಳನ್ನು ನೋಡಿದ. ಯಾಕೆಂದು ಕೇಳಲಿಲ್ಲ. ಒದ್ದೆಗಾಲಿನಲ್ಲೇ ಅಂಗಡಿಯೊಳಗೆ ಹೋಗಿ, ಅದನ್ನು ಕತ್ತರಿ ತೂಗುಹಾಕುವ ಮೊಳೆಗೆ ಸಿಕ್ಕಿಸಿ, ಬೀದಿಗಿಳಿದು ನಡೆದ.

"ಇದೇನಿದು," ಟೈಲರಮ್ಮ ಬೆರಗಾದಳು, "ಒಪ್ಪಿಗೆ ಕೊಟ್ಟ ಮೇಲೂ ಹೊರಟೇ ಹೋದ್ರಲ್ಲ!"